ತಂಗಿಯ ಕಂದು ಚಿಟ್ಟೆ

ಮೊದಲೇ ಹೇಳಿಬಿಡ್ತೀನಿ, ನನಗೆ ನನ್ನ ತಂಗಿಯ ಮೇಲೆ ಹೊಟ್ಟೆಕಿಚ್ಚು. ಚಿಕ್ಕಂದಿನಿಂದ ಇದ್ದದ್ದೇ, ಹೊಸದಲ್ಲ. ಆದರೆ ಅದು ಈ ಮಟ್ಟಕ್ಕೆ ಉರಿದದ್ದು ಒಂದು ಚಿಟ್ಟೆಯ ದೆಸೆಯಿಂದ ಅಂದರೆ ಕೇಳಿದವರು ನಗ್ತಾರೆ. ಅದೂ ಹೂವಿನ ಮೇಲೆ ಕೂರುವ ಬಣ್ಣಬಣ್ಣದ ಚಿಟ್ಟೆ ಅಲ್ಲ. ದೀಪಕ್ಕೆ ಬಂದು ಗೋಡೆಗೆ ಅಂಟಿಕೊಂಡು ಕೂರುತ್ತಲ್ಲ, ಗೋಣಿಚೀಲದ ಬಣ್ಣದ್ದು, ಅದು. ಓದಿದವರು ಪತಂಗ ಅಂತಾರೆ. ನಮ್ಮ ಕಡೆ ಎಲ್ಲಕ್ಕೂ ಚಿಟ್ಟೆ ಅಂತಲೇ.

ಕ್ಯಾಸಂಬಳ್ಳಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನ ಡೇರಿಯಲ್ಲಿ ನಾನು ಹಾಲು ಪರೀಕ್ಷೆ ಮಾಡುವವಳು. ಬೆಳಗ್ಗೆ ಐದೂವರೆಗೆ ಬಾಗಿಲು ತೆಗೀಬೇಕು. ಮುಂದಿನ ಟ್ಯೂಬ್‌ಲೈಟನ್ನು ಯಾರೂ ಆರಿಸಲ್ಲ, ಹಾಗಾಗಿ ನಾನು ಹೋಗೋ ಹೊತ್ತಿಗೆ ಸುಣ್ಣದ ಗೋಡೆಯ ತುಂಬ ಚಿಟ್ಟೆಗಳು ಕೂತಿರ್ತಾವೆ. ಮೊದಲೆಲ್ಲ ಪೊರಕೆಯಲ್ಲಿ ಬಡಿದು ಗುಡಿಸಿ ಎಸೀತಿದ್ದೆ. ಇಲ್ಲದಿದ್ದರೆ ಹಾಲಿನ ಕ್ಯಾನಿಗೆ ಬಿದ್ದು ಒದ್ದಾಡ್ತಾವೆ, ಆಮೇಲೆ ಬೈಸಿಕೊಳ್ಳೋಳು ನಾನು. ಮೂರು ವರ್ಷದ ಹಿಂದೆ ಹಾಗೇ ಪೊರಕೆ ಎತ್ತಿದ್ದಾಗ ರಸ್ತೆಯಲ್ಲಿ ಹೋಗ್ತಿದ್ದ ಸ್ಕೂಟರೊಂದು ನಿಂತಿತು. ತಲೆಗೆ ಮಫ್ಲರ್ ಸುತ್ತಿದ್ದ ವಯಸ್ಸಾದವರೊಬ್ಬರು ಓಡಿಬಂದು, “ಅಮ್ಮಾ, ಒಂದು ನಿಮಿಷ ಆ ಪೊರಕೆ ಕೆಳಗಿಡಿ ತಾಯಿ” ಅಂದರು.

ಅವರು ಬಂಗಾರಪೇಟೆಯಲ್ಲಿರುವ ನಿವೃತ್ತ ಕಾಲೇಜು ಮೇಷ್ಟ್ರು. ಅರ್ಧ ಗಂಟೆ ಗೋಡೆಗೆ ಮೂಗು ತಾಗಿಸಿಕೊಂಡು ಫೋಟೋ ತೆಗೆದರು. ಹಾಲು ಹಾಕಲು ಬಂದವರೆಲ್ಲ ಕ್ಯಾನ್ ಕೆಳಗಿಟ್ಟು ಅವರನ್ನೇ ನೋಡ್ತಾ ನಿಂತರು. “ಇದರಲ್ಲಿ ಎಷ್ಟು ಜಾತಿ ಇದೆ ಗೊತ್ತೇನಮ್ಮ?” ಅಂತ ಕೇಳಿದರು. ಒಂದೇ ಅಂದೆ. ಅವರು ಬೆರಳು ಮಡಚುತ್ತಾ ಮೂವತ್ತರ ಮೇಲೆ ಎಣಿಸಿದರು. ಅಯ್ಯೋ ಶಿವನೇ, ಇಷ್ಟು ದಿನ ನಾನು ಗುಡಿಸಿ ಎಸೆದದ್ದು ಎಷ್ಟು ಥರವೋ ಅನ್ನಿಸಿತು.

ಚಿಟ್ಟೆ ನೋಡುವವರದೇ ಒಂದು ವಾಟ್ಸಾಪ್ ಗುಂಪಿತ್ತು. ಅದಕ್ಕೆ ನನ್ನನ್ನೂ ಸೇರಿಸಿಕೊಂಡರು. ದಿನಾ ಬೆಳಗ್ಗೆ ಹಾಲಿಗೆ ಕೈ ಹಾಕುವ ಮೊದಲು ಗೋಡೆಯ ಫೋಟೋ ತೆಗೆದು ಹಾಕ್ತಿದ್ದೆ. ಮೇಷ್ಟ್ರು ಹೆಸರು ಹೇಳ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರ್ಕೊಳ್ತಿದ್ದೆ. ಸುಲಭ ಅಂದುಕೊಂಡಿದ್ದೆ. ಎಲ್ಲಿಯ ಸುಲಭ! ಚಿಟ್ಟೆಯ ಬಣ್ಣ ಅಂದರೆ ರೆಕ್ಕೆ ಮೇಲಿನ ಪುಡಿ, ನಾಲ್ಕು ದಿನ ಹಾರಾಡಿದರೆ ಉದುರಿಹೋಗುತ್ತೆ. ಸೋಮವಾರ ಕಪ್ಪು ಪಟ್ಟೆ ಇದ್ದದ್ದು ಗುರುವಾರ ಮಾಸಲು ಚಿಂದಿಯಾಗಿ ಕೂತಿರುತ್ತೆ, ನಾನು ಅದನ್ನು ಬೇರೆ ಜಾತಿ ಅಂತ ಬರ್ಕೊಂಡಿರ್ತೀನಿ. ಗಂಡು ಒಂದು ಥರ, ಹೆಣ್ಣು ಇನ್ನೊಂದು ಥರ. ಇನ್ನು ಕೆಲವು ಬೇರೆ ಬೇರೆ ಜಾತಿಯಾಗಿದ್ದೂ ಅವಳಿಜವಳಿ ಹಾಗಿರ್ತಾವೆ. ಗುರುತೆಲ್ಲ ಹಿಂದಿನ ರೆಕ್ಕೆಯಲ್ಲಿರುತ್ತೆ, ಆ ಪುಣ್ಯಾತ್ಗಿತ್ತಿ ಮುಂದಿನ ರೆಕ್ಕೆಯನ್ನ ಅದರ ಮೇಲೆ ಹೊದ್ದುಕೊಂಡು ಕೂತಿರ್ತಾಳೆ. ಪೊರಕೆ ಕಡ್ಡಿಯಲ್ಲಿ ಮೆಲ್ಲಗೆ ಎತ್ತಿ ನೋಡೋಣ ಅಂದರೆ ಹಾರಿಹೋಗುತ್ತೆ. ಒಂದು ಬೂದುಬಣ್ಣದ್ದರ ಹೆಸರು ಗೊತ್ತಾಗೋಕೆ ನನಗೆ ನಾಲ್ಕು ತಿಂಗಳು ಹಿಡೀತು.

ಆದರೆ ಕಲಿತೆ. ನನ್ನ ಪಟ್ಟಿ ನೂರು ದಾಟಿತು. “ನಿಮ್ಮ ಕಣ್ಣು ಚೆನ್ನಾಗಿದೆಯಮ್ಮ” ಅಂತ ಮೇಷ್ಟ್ರು ಒಂದು ದಿನ ಗುಂಪಿನಲ್ಲಿ ಎಲ್ಲರೆದುರು ಬರೆದರು. ಆ ಮಾತನ್ನು ನಾನು ಎಷ್ಟು ಸಲ ತೆಗೆದು ಓದಿಕೊಂಡೆನೋ ಲೆಕ್ಕವಿಲ್ಲ. ಹುಟ್ಟಿದಾಗಿನಿಂದ ನಾನು ಯಾರದೋ ಮಗಳು, ಯಾರದೋ ಸೊಸೆ, ಡೇರಿಯ ಅಕ್ಕ. ಇದೊಂದು ಮಾತ್ರ ನಂದು, ಬೇರೆ ಯಾರ ಪಾಲೂ ಇಲ್ಲದ್ದು ಅಂದುಕೊಂಡಿದ್ದೆ.

ಅಲ್ಲಿಗೆ ನಾನೇ ಕೈಯಾರೆ ತಂಗಿಯನ್ನ ಕರಕೊಂಡು ಬಂದೆ.

ಅವಳ ವಿಷಯ ಸ್ವಲ್ಪ ಹೇಳಬೇಕು. ನನಗಿಂತ ಮೂರು ವರ್ಷ ಚಿಕ್ಕವಳು. ನಮ್ಮ ತವರಿನಲ್ಲಿ ರೇಷ್ಮೆ ಹುಳ ಸಾಕ್ತಿದ್ದರು. ಹುಳದ ಮನೆಗೆ ಅಮ್ಮ ಅವಳನ್ನ ಬಿಡ್ತಿದ್ದಳು, ನನ್ನನ್ನ ಬಿಡ್ತಿರಲಿಲ್ಲ. “ನಿನ್ ಕೈಗುಣ ಉಳಕ್ಕೆ ಆಗ್ಬರಲ್ಲ ಕಣೇ, ಅವ್ಳೇ ಸೊಪ್ಪಾಕ್ಲಿ, ನೀನು ಓಗಿ ಪಾತ್ರೆ ಬೆಳಗು” ಅನ್ನೋಳು. ನಾನು ಒಮ್ಮೆ ಸೊಪ್ಪು ಹಾಕಿದ ಸಲ ಹುಳಕ್ಕೆ ರೋಗ ಬಂತಂತೆ. ಆ ಸಲ ಊರಿಗೆಲ್ಲ ಬಂದಿತ್ತು, ಆದರೆ ನಮ್ಮ ಮನೆಯಲ್ಲಿ ಅದು ನನ್ನ ಕೈಯಿಂದ ಬಂದದ್ದು. ದೊಡ್ಡವಳಾದ ಮೇಲೆ ತಂಗಿ ಬಿತ್ತನೆ ಮೊಟ್ಟೆ ತಯಾರಿಸುವ ಕಡೆ ನಾಲ್ಕೈದು ವರ್ಷ ಕೂಲಿಗೆ ಹೋದಳು. ಈಗ ಉರಿಗಾಮಿನಲ್ಲಿ, ಚಿನ್ನದ ಗಣಿಯ ಕೂಲಿಗಳಿಗೆ ಕಟ್ಟಿದ್ದ ಹಳೇ ಲೈನ್ ಮನೆಯೊಂದರಲ್ಲಿ ಗಂಡ, ಅತ್ತೆ ಜೊತೆ ಇದ್ದಾಳೆ, ಸೀರೆಗೆ ಫಾಲ್ಸ್ ಹೊಲೀತಾಳೆ. ಅಕ್ಕಪಕ್ಕದವರ ಜೊತೆ ತಮಿಳು, ಅತ್ತೆ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಯಾವುದಾದರೂ ಅವಳಿಗೆ ಕಷ್ಟ ಅಂತ ಆದದ್ದನ್ನು ನಾನು ಕಂಡಿಲ್ಲ.

ಅವಳನ್ನು ಗುಂಪಿಗೆ ಸೇರಿಸಿದ್ದು ಪ್ರೀತಿಗಲ್ಲ, ಜಂಬಕ್ಕೆ. ಮೇಷ್ಟ್ರು ನನ್ನನ್ನ ಹೊಗಳೋದನ್ನ ಅವಳೂ ಒಂದು ಸಲ ನೋಡಲಿ ಅಂತ. ಮೊದಮೊದಲು ಅವಳು ಹಾಕ್ತಿದ್ದ ಫೋಟೋಗಳಲ್ಲಿ ಚಿಟ್ಟೆ ಯಾವುದು, ಗೋಡೆ ಕಲೆ ಯಾವುದು ಗೊತ್ತಾಗ್ತಿರಲಿಲ್ಲ. ನಾನು ದೊಡ್ಡ ಪಂಡಿತೆ ಥರ ತಿದ್ದುತ್ತಿದ್ದೆ. “ಅಂಗಾ ಅಕ್ಕ? ಗೊತ್ತಾಗ್ಲಿಲ್ಲ ನೋಡು” ಅಂತಿದ್ದಳು. ಅವು ನನಗೆ ಸುಖದ ದಿನಗಳು.

ಹೋದ ವರ್ಷ ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ ಅವಳು ಜಗಲಿಯ ಕಂಬದ ಮೇಲೆ ಕೂತಿದ್ದ ಒಂದು ಕಂದು ಚಿಟ್ಟೆಯ ಫೋಟೋ ಹಾಕಿದಳು. ಹುಣಸೆ ಬೀಜದಷ್ಟು ಕಪ್ಪು ಮಚ್ಚೆ, ಪಕ್ಕದಲ್ಲಿ ಒಂದು ಸೊಟ್ಟ ಗೆರೆ, ಅಷ್ಟೇ. ಎರಡು ನಿಮಿಷದಲ್ಲಿ ಮೇಷ್ಟ್ರು ಬರೆದರು: “ಇದೆಲ್ಲಿ ಸಿಕ್ಕಿತಮ್ಮ? ನಮ್ಮ ಕಡೆ ಇದನ್ನು ನಾನು ಇದುವರೆಗೆ ನೋಡೇ ಇಲ್ಲ!!!” ಮೂರು ಆಶ್ಚರ್ಯದ ಗುರುತು. ಎರಡು ವರ್ಷದಲ್ಲಿ ನನಗೆ ಅವರು ಒಂದೂ ಹಾಕಿರಲಿಲ್ಲ.

ಹಾಲಿನ ಸಾಲು ಬಾಗಿಲಾಚೆಗೆ ಬೆಳೆದಿತ್ತು. ನಾನು ಫೋನ್ ಹಿಡ್ಕೊಂಡು ನಿಂತಿದ್ದೆ. ಆವತ್ತು ಬೆಳಗ್ಗೆ ಒಬ್ಬರ ಹಾಲನ್ನ ಎರಡೆರಡು ಸಲ ಪರೀಕ್ಷೆ ಮಾಡಿದೆ, ಇನ್ನೊಬ್ಬರದನ್ನ ಮಾಡದೆಯೇ ಕ್ಯಾನಿಗೆ ಸುರಿದೆ. ಮನೆಗೆ ಬಂದವಳೇ ಹಳೇ ಫೋಟೋ ಎಲ್ಲ ಜಾಲಾಡಿ, ಅದೇ ಥರ ಕಂಡ ಎರಡನ್ನು ಗುಂಪಿಗೆ ಹಾಕಿ, “ಇದು ನಮ್ಮ ಡೇರಿಗೆ ಎರಡು ವರ್ಷದಿಂದ ಬರ್ತಾ ಇದೆ ಸಾರ್, ಅಂಥ ವಿಶೇಷ ಏನಲ್ಲ” ಅಂತ ಬರೆದೆ.

“ನಿಮ್ಮದರಲ್ಲಿ ಪುಡಿ ಉದುರಿಹೋಗಿದೆಯಮ್ಮ, ಏನೂ ಹೇಳೋಕಾಗಲ್ಲ” ಅಂದರು ಮೇಷ್ಟ್ರು. “ಹೊರಗಿನಿಂದ ಒಂದೇ ಥರ ಕಾಣೋವು ಎರಡು ಮೂರು ಜಾತಿ ಇವೆ. ಹೊಟ್ಟೆಯ ಒಳಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಇಂಥದ್ದೇ ಅಂತ ಗೊತ್ತಾಗೋದು. ಅಕ್ಕತಂಗಿಯರಲ್ಲಿ ಯಾರಿಗೆ ಮತ್ತೆ ಸಿಕ್ಕಿದರೂ ಹಿಡಿದು ತನ್ನಿ.”

ಸರಿ, ಶುರುವಾಯಿತು. ಐದೂವರೆಗೆ ತೆಗೆಯುವ ಬಾಗಿಲನ್ನ ಐದಕ್ಕೇ ತೆಗೆಯತೊಡಗಿದೆ. ಟಾರ್ಚು ಹಾಕಿ ಗೋಡೆಯನ್ನ ಅಂಗುಲ ಅಂಗುಲ ಹುಡುಕಿದೆ. ಬಾಗಿಲ ಹಿಂದೆ, ಕ್ಯಾನಿನ ಅಡಿ, ಸೂರಿನ ಸಂದಿ. ಬೇಕಾದದ್ದು ಬಿಟ್ಟು ಎಲ್ಲ ಇದ್ದವು. ನನ್ನ ಗಂಡ, “ಡೇರಿ ಗೋಡೇನೇ ಕಿತ್ಕೊಂಡು ಮನೆಗ್ ತತ್ತೀಯ ಏನು?” ಅಂದ. ನಾನು ಅವನಿಗೆ ಆವತ್ತು ಸರಿಯಾಗಿ ಊಟಕ್ಕೂ ಹಾಕಲಿಲ್ಲ.

ಎಂಟನೇ ದಿನ ಫೋನು. “ಅಕ್ಕಾ, ಸಿಕ್ತು ಕಣಕ್ಕ! ಅದೇ ಕಂಬದ್ಮೇಲೆ ಕೂತಿತ್ತು.” ಹುಂ ಅಂದೆ.

ಭಾನುವಾರ ಇಬ್ಬರೂ ಬಂಗಾರಪೇಟೆಗೆ ಮೇಷ್ಟ್ರ ಮನೆಗೆ ಹೋದೆವು. ಅವಳು ಉರಿಗಾಮಿನಿಂದ ರೈಲಿನಲ್ಲಿ ಬಂದಳು, ನಾನು ಬಸ್ಸಿನಲ್ಲಿ. ಹೊಸ ಸೀರೆ ಬೇರೆ ಉಟ್ಟಿದ್ದಳು, ಮದುವೆಗೆ ಬಂದ ಹಾಗೆ. ಮೇಷ್ಟ್ರು ಮೇಜಿನ ಮೇಲೆ ಬಿಳೀ ಕಾಗದ ಹಾಸಿ, ಕನ್ನಡಕ ಒರೆಸಿಕೊಂಡು, “ಎಲ್ಲಿ, ತೆಗೀರಿ” ಅಂದರು. ತಂಗಿ ಚೀಲದಿಂದ ಒಂದು ಸಣ್ಣ ಟಾನಿಕ್ ಬಾಟಲಿ ತೆಗೆದಳು. ಒಳಗೆ ಎರಡು ಚಮಚದಷ್ಟು ಕಂದು ನೀರು.

“ಇದೇನಮ್ಮ?”

“ಅದೇ ಸಾರ್, ಚಿಟ್ಟೆ. ಒಟ್ಟೆ ಒಳಗೆ ನೋಡ್ಬೇಕು ಅಂದಿದ್ರಲ್ಲ, ಅರೆದು ತಂದಿದೀನಿ.”

ರೇಷ್ಮೆಯ ಬಿತ್ತನೆ ಮೊಟ್ಟೆ ಮಾಡೋ ಕಡೆ ಅದೇ ಪದ್ಧತಿ. ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ಅದನ್ನ ಪುಟ್ಟ ಕುಟ್ಟಾಣಿಯಲ್ಲಿ ನೀರು ಹಾಕಿ ಅರೀತಾರೆ, ಆ ನೀರಿನ ಒಂದು ತೊಟ್ಟನ್ನ ಸೂಕ್ಷ್ಮದರ್ಶಕದಲ್ಲಿಟ್ಟು ರೋಗ ಇದೆಯಾ ಇಲ್ಲವಾ ನೋಡ್ತಾರೆ. ವರ್ಷಗಟ್ಟಲೆ ಅವಳ ಕೆಲಸವೇ ಅರೆಯೋದು. ಒಳಗೆ ನೋಡಬೇಕು ಅಂದರೆ ಅವಳಿಗೆ ಅರೆದು ನೋಡೋದು ಅಂತಲೇ. ಮೇಷ್ಟ್ರು ಬಾಟಲಿಯನ್ನ ಬೆಳಕಿಗೆ ಹಿಡಿದು ನೋಡಿದರು. ಒಂದು ರೆಕ್ಕೆಯ ಚೂರು ಮೇಲೆ ತೇಲ್ತಿತ್ತು. ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು, ಪಾಪ. ಬೈಯಲೂ ಇಲ್ಲ.

ನನಗೆ ನಗು. ತಡೆಯೋಕಾಗದ ನಗು. ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಜಗಲಿಗೆ ಬಂದು ನಕ್ಕೆ. ಅಷ್ಟು ಸಂತೋಷವಾಗಿ ನಾನು ನಕ್ಕು ಎಷ್ಟು ಕಾಲವಾಗಿತ್ತೋ.

ಬಸ್‌ಸ್ಟ್ಯಾಂಡಿಗೆ ನಡೆದು ಬರ್ತಾ ಅವಳ ಮುಖ ಸಪ್ಪಗಿತ್ತು. “ನಂಗೇನ್ ಗೊತ್ತು ಅಕ್ಕ, ಅವ್ರು ಬಿಡಿಸಿ ಏಳ್ಬೇಕಿತ್ತು” ಅಂದಳು. ಚೀಲವನ್ನ ಇನ್ನೊಂದು ಕೈಗೆ ಬದಲಿಸಿಕೊಂಡು, “ಮೊಟ್ಟೆ ಮಾತ್ರ ಐತೆ” ಅಂದಳು.

“ಯಾವ ಮೊಟ್ಟೆ?”

“ಹಿಡಿದ್ ದಿನ ಪೇಪರ್ ಮೇಲಿಟ್ಟು ಲೋಟ ಮುಚ್ಚಿದ್ದೆ, ಅಲ್ಲಿ ಮಾಡ್ತಿದ್ದಂಗೆ. ರಾತ್ರಿಗೆಲ್ಲ ಮೊಟ್ಟೆ ಇಟ್ಬುಡ್ತು. ತಾಯಿಗೆ ರೋಗ ಇಲ್ಲ ಅಂತ ಪಾಸಾದ್ರೆ ತಾನೆ ಮೊಟ್ಟೆ ಇಟ್ಕೊಳೋದು? ಅವ್ರು ನೋಡ್ದೇ ಇದ್ಮೇಲೆ ಬಿಸಾಕ್ಬೇಕೇನೋ.”

ನನ್ನ ನಗು ಅಲ್ಲಿಗೆ ನಿಂತಿತು. ಮೊಟ್ಟೆಯಿಂದ ಹುಳ, ಹುಳದಿಂದ ಚಿಟ್ಟೆ. ಪುಡಿ ಉದುರದ, ಹೊಚ್ಚ ಹೊಸ ಚಿಟ್ಟೆ, ಗಂಡೂ ಹೆಣ್ಣೂ ಎರಡೂ. ಗುರುತು ಹಿಡಿಯೋಕೆ ಅದಕ್ಕಿಂತ ಒಳ್ಳೇ ದಾರಿಯೇ ಇಲ್ಲ ಅಂತ ಮೇಷ್ಟ್ರು ನನಗೆ ಎಷ್ಟೋ ಸಲ ಹೇಳಿದ್ದರು. ಅವರ ಮನೆ ಇನ್ನೂ ಕಣ್ಣಳತೆಯಲ್ಲೇ ಇತ್ತು. ವಾಪಸ್ಸು ಹೋಗಿ ಹೇಳಬಹುದಿತ್ತು. “ಬಿಸಾಕ್ಬೇಡ, ಇರ್ಲಿ” ಅಂತಷ್ಟೇ ಹೇಳಿ ಬಸ್ಸು ಹತ್ತಿದೆ.

ಮೊಟ್ಟೆ ಒಡೆದು ಹುಳ ಬಂದವು. ತಂಗಿ ಮೊದಲು ಹಿಪ್ಪುನೇರಳೆ ಸೊಪ್ಪು ಹಾಕಿದಳಂತೆ, ಮೂಸಿಯೂ ನೋಡಲಿಲ್ಲ. ಹೊಂಗೆ, ಬೇವು, ಜಾಲಿ, ಒಂದೊಂದೇ ಎಲೆ ಹಾಕಿ ನೋಡಿ ಕೊನೆಗೆ ಹುಣಸೆ ಚಿಗುರಿಗೆ ಬಾಯಿ ಹಾಕಿದವು ಅಂತ ಫೋನು ಮಾಡಿದಳು. ಹೆಸರೇ ಗೊತ್ತಿಲ್ಲದ ಹುಳ ಏನು ತಿನ್ನುತ್ತೆ ಅಂತ ಎರಡೇ ದಿನದಲ್ಲಿ ಕಂಡುಹಿಡಿದಳಲ್ಲ, ನನಗೆ ಅದೂ ಉರಿ. ಅಷ್ಟರಲ್ಲಿ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡರು. ಆಸ್ಪತ್ರೆಯಲ್ಲಿ ಇವಳೇ ಇರಬೇಕು. ಒಂದು ಮಧ್ಯಾಹ್ನ ಬಂದು, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನ ನನ್ನ ಕೈಗಿಟ್ಟಳು. ಒಳಗೆ ಕಡ್ಡಿಯಂಥ ಹತ್ತೊಂಬತ್ತು ಹುಳ.

“ನಿಮ್ ಡೇರಿ ಮುಂದೆ ಹುಣಸೆ ಮರ ಐತಲ್ಲಕ್ಕ. ನೀನೇ ನೋಡ್ಕೊ. ನಿಂಗಿಂತ ಚೆನ್ನಾಗಿ ಇನ್ಯಾರ್ ನೋಡ್ಕೊಂತಾರೆ?” ಅಂದಳು. ನನ್ನನ್ನ ಯಾರೂ ಹುಳದ ಹತ್ತಿರ ಬಿಟ್ಟುಕೊಳ್ಳದ ಮನೆಯಲ್ಲೇ ಬೆಳೆದವಳು ಈ ಮಾತು ಹೇಳಿದ್ದು. ನನಗೆ ಕರಗಬೇಕಿತ್ತು. ಕರಗಲಿಲ್ಲ.

ಡಬ್ಬಿಯನ್ನ ಡೇರಿಯಲ್ಲೇ ಇಟ್ಟು ಮೊದಲ ವಾರ ಹೊತ್ತು ಹೊತ್ತಿಗೆ ಚಿಗುರು ಹಾಕಿದೆ. ಎರಡನೇ ವಾರ ಒಂದು ದಿನ ಸೊಪ್ಪು ಹಾಕಲಿಲ್ಲ. ಮರೆತೆ ಅಂತ ಬರೀಬಹುದು, ಮರೆತಿರಲಿಲ್ಲ. ಡಬ್ಬಿಯ ಮುಂದೆ ಎರಡು ಸಲ ಓಡಾಡಿದೆ, ಸುಮ್ಮನಾದೆ. ಇವು ಸತ್ತರೆ ಅವಳ ಚಿಟ್ಟೆಯೂ ಇಲ್ಲ, ಮೂರು ಆಶ್ಚರ್ಯದ ಗುರುತೂ ಇಲ್ಲ ಅಂತ ಒಳಗೆ ಯಾವುದೋ ಹೇಳ್ತಿತ್ತು, ಆ ಯಾವುದೋ ನಾನೇ. ಮಾರನೇ ಬೆಳಗ್ಗೆ ಎದ್ದವಳೇ ಮುಖವೂ ತೊಳೆಯದೆ ಡೇರಿಗೆ ಓಡಿ ಚಿಗುರು ಕಿತ್ತು ಹಾಕಿದೆ. ಏಳು ಸತ್ತಿದ್ದವು. ಉಳಿದ ಹನ್ನೆರಡು ಎಲೆಯ ಮೇಲೆ ಬಿದ್ದು ತಿಂದ ರೀತಿ ನೋಡಲಾಗದೆ ಬೇರೆ ಕಡೆ ತಿರುಗಿದೆ.

ಹನ್ನೆರಡರಲ್ಲಿ ಒಂಬತ್ತು ಚಿಟ್ಟೆಯಾಗಿ ಹೊರಬಂದವು. ಆಗ ಹೊಸ ಪೇಚಾಟ. ಐದು ಕಂದು, ಸೊಟ್ಟ ಗೆರೆಯವು. ನಾಲ್ಕು ಬೂದು, ಗೆರೆಯೇ ಇಲ್ಲ, ಬೇರೆ ಯಾರದೋ ಮಕ್ಕಳ ಹಾಗೆ. ಚಿಗುರಿನ ಜೊತೆ ಬೇರೆ ಹುಳ ಬಂದುಬಿಟ್ಟಿತೇನೋ ಅಂತ ಗಾಬರಿಯಾದೆ. ಫೋಟೋ ಹಾಕಿ, “ಇವತ್ತು ನಮ್ಮ ಡೇರಿಯಲ್ಲಿ ಹೊರಬಂದವು” ಅಂತ ಬರೆದೆ. ಅದರಲ್ಲಿ ಸುಳ್ಳು ಅನ್ನೋದು ಒಂದಕ್ಷರವೂ ಇರಲಿಲ್ಲ. ಮೇಷ್ಟ್ರು ಆವತ್ತೇ ಸಂಜೆ ಸ್ಕೂಟರಿನಲ್ಲಿ ಬಂದರು. ಬೂದು ಗಂಡು, ಕಂದು ಹೆಣ್ಣು, ಎರಡೂ ಒಂದೇ ಅಂದರು. ನಾಲ್ಕು ತಿಂಗಳು ತಿಣುಕಿ ನಾನು ಹೆಸರು ತಿಳ್ಕೊಂಡಿದ್ದೆನಲ್ಲ, ಆ ಬೂದುಬಣ್ಣದ್ದೂ ಇದರದೇ ಗಂಡಂತೆ. ಹೆಸರು ಹೇಳಿದವರು ಅವರೇ, ತಪ್ಪಿದ್ದೂ ಅವರೇ, “ನನಗೂ ಮೋಸ ಮಾಡಿತು ನೋಡಿ” ಅಂತ ಮಗುವಿನ ಹಾಗೆ ನಕ್ಕರು. ತಂಗಿಯ ಚಿಟ್ಟೆ ಬಂದು ನನ್ನ ಪಟ್ಟಿಯಿಂದ ಒಂದನ್ನ ಅಳಿಸಿಹಾಕಿತು. ನನಗೆ ನಗು ಬರಲಿಲ್ಲ.

ಒಂದು ಜೊತೆಯನ್ನ ಅವರು ಒಯ್ದು, ಬಿಡಿಸಿ ನೋಡಿ, ವಾರದ ಮೇಲೆ ಫೋನು ಮಾಡಿದರು. ಆವತ್ತು ತಂಗಿ ನಮ್ಮ ಮನೆಯಲ್ಲೇ ಇದ್ದಳು. ಅತ್ತೆಯನ್ನ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದಿದ್ದರು, ಇವಳು ಡಬ್ಬಿ ವಾಪಸ್ಸು ಒಯ್ಯಲು ಬಂದಿದ್ದಳು. ನಾನು ರಾಗಿಮುದ್ದೆ ತೊಳಸ್ತಿದ್ದೆ, ಕೈ ಬಿಡುವಿರಲಿಲ್ಲ, ಅವಳೇ ಸ್ಪೀಕರಿಗೆ ಹಾಕಿ ನನ್ನ ಪಕ್ಕ ಹಿಡಿದಳು.

“ಅದೇ ಜಾತಿ ಅಮ್ಮ, ಖಚಿತ” ಅಂದರು ಮೇಷ್ಟ್ರು. “ಈಗ ಚಿಟ್ಟೆಗಳ ಪತ್ರಿಕೆಯೊಂದಕ್ಕೆ ಬರೆದು ಕಳಿಸ್ತಾ ಇದ್ದೀನಿ. ಹುಳ ನಿಮ್ಮ ಡೇರಿ ಹುಣಸೆ ಮರದಲ್ಲೇ ಸಿಕ್ಕಿದ್ದಲ್ವಾ? ನಿಮ್ಮ ಹೆಸರು, ನಿಮ್ಮೂರು ಅಂತ ಹಾಕ್ತೀನಿ. ಸರಿ ತಾನೆ?”

ಮುದ್ದೆಕೋಲು ನನ್ನ ಕೈಯಲ್ಲೇ ನಿಂತಿತು. ತಂಗಿಯ ಮುಖ ಒಂದು ಮೊಳ ದೂರದಲ್ಲಿತ್ತು. ಕಂಬದಿಂದ ಹಿಡಿದವಳು ಅವಳು, ಮೊಟ್ಟೆ ಇಡಿಸಿದವಳು ಅವಳು, ಎಲೆ ಹುಡುಕಿದವಳು ಅವಳು. ನನ್ನ ಕಡೆಯಿಂದ ಆದದ್ದು ಏಳು ಸತ್ತದ್ದು.

“ಔದು ಸಾರ್” ಅಂದೆ. “ನಮ್ ಮರದಲ್ಲೇ.”

ಅವಳು ಫೋನು ಇಟ್ಟು, “ಮುದ್ದೆ ಗಂಟಾಯ್ತದೆ, ತೊಳಸು” ಅಂದಳು. ಊಟ ಮಾಡಿದಳು, ಖಾಲಿ ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡಳು, ಬಸ್ಸಿಗೆ ಹೋದಳು. ನಾನು ಜಗಳಕ್ಕೆ ಸಿದ್ಧವಾಗೇ ಕೂತಿದ್ದೆ. ಅವಳು ಒಂದು ಮಾತಾಡಿದರೆ ಹತ್ತು ಆಡಬೇಕು, ಚಿಕ್ಕಂದಿನಿಂದ ಕೂಡಿಟ್ಟದ್ದನ್ನೆಲ್ಲ ಸುರಿದುಬಿಡಬೇಕು ಅಂತ. ಅದಕ್ಕೆ ಅವಳು ಸಂದು ಕೊಡಲೇ ಇಲ್ಲ.

ಆಮೇಲೆ ಗುಂಪಿನಲ್ಲಿ ಅವಳು ಏನೂ ಹಾಕಲಿಲ್ಲ. ಬಿಟ್ಟುಬಿಟ್ಟಳು ಅಂದುಕೊಂಡೆ, ಒಳಗೊಳಗೇ ಖುಷಿಯೂ ಆಯಿತು. ಎರಡು ತಿಂಗಳು ಕಳೆದ ಮೇಲೆ ನನಗೊಬ್ಬಳಿಗೇ ಒಂದು ಫೋಟೋ ಬಂತು. ಪಚ್ಚೆ ಬಣ್ಣದ ಪುಟ್ಟ ಚಿಟ್ಟೆ, ಅಂಚಿಗೆ ಕೆಂಪು ದಾರ ಹೊಲಿದಂತೆ. ಇಷ್ಟು ವರ್ಷ ನೋಡಿದ ನನಗೆ ಅದರ ತಲೆ ಬುಡ ತಿಳಿಯಲಿಲ್ಲ. ಕೆಳಗೆ ಅವಳ ದನಿಯಲ್ಲಿ ಮಾತು: “ಅಕ್ಕಾ, ಇದು ಬೇರೆ ಥರ ಕಾಣ್ತದೆ ನೋಡು. ನಿಮ್ಮೂರಲ್ಲಿ ಸಿಕ್ತು ಅಂತ ನೀನೇ ಆಕ್ಕೊ. ಇನ್ಮೇಲೆ ಸಿಕ್ಕಿದ್ದೆಲ್ಲ ನಿಂಗೇ ಕಳಿಸ್ತೀನಿ. ನಂಗೆ ಇದೆಲ್ಲ ಆಟ ಅಕ್ಕ, ನಿಂಗಾದ್ರೆ ಬೇಕೇ ಬೇಕಲ್ವಾ.”

ದನಿಯಲ್ಲಿ ಕೊಂಕು ಇದೆಯಾ ಅಂತ ಆರೇಳು ಸಲ ಹಾಕಿ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಕಳ್ಳಿ ಅಂತ ಅಂದಿದ್ದರೂ ತಡ್ಕೊಳ್ತಿದ್ದೆ. ಅವಳು ನನ್ನನ್ನ ನೋಡಿ ಅಯ್ಯೋ ಪಾಪ ಅಂದುಕೊಂಡಿದ್ದಾಳೆ. ಅಮ್ಮ ಹುಳದ ಮನೆಯ ಬಾಗಿಲು ಹಾಕಿಕೊಂಡಾಗಲೂ ನನಗೆ ಇಷ್ಟು ಅವಮಾನ ಆಗಿರಲಿಲ್ಲ. ಅಳಿಸಿಬಿಡೋಣ ಅಂತ ಬೆರಳಿಟ್ಟೆ, ಅಳಿಸಲಾಗಲಿಲ್ಲ. ಅಷ್ಟು ಚೆನ್ನಾಗಿತ್ತು ಅದು.

ಮಾರನೇ ದಿನ ಡೇರಿ ಬಾಗಿಲು ತೆಗೆದು, ಹಾಲಿನವರು ಬರುವ ಮೊದಲು ಅದನ್ನು ನನ್ನದು ಅಂತ ಗುಂಪಿಗೆ ಹಾಕಿದೆ.